ಹಿಮ ಬಿದ್ದ ಹಿತ್ತಿಲಲ್ಲಿ ಹಕ್ಕಿ ನೋಡುವುದು: ಫೀಡರ್ ಇಡುವುದರಿಂದ ಎಣಿಕೆ ಬರೆಯುವವರೆಗೆ

ಫೀಡರ್, ಅಂದರೆ ಹಕ್ಕಿಗೆ ಕಾಳು ಇಡುವ ಸಾಧನ, ತಂದವರು ಮೊದಲು ಮಾಡುವ ಕೆಲಸ ಅದಕ್ಕೆ ಕಾಳು ತುಂಬುವುದು. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಫೀಡರ್ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಕಿಟಕಿ ಗಾಜು ಎಷ್ಟು ದೂರ, ಪೊದೆ ಎಷ್ಟು ದೂರ, ನೀವು ಕೂತು ನೋಡುವ ಕುರ್ಚಿ ಎಲ್ಲಿ ಎಂಬುದು ಇತ್ಯರ್ಥವಾದ ಮೇಲೆ ಕಾಳಿನ ಮಾತು. ಹಿತ್ತಿಲಿಗೆ ಕರೆಸಿಕೊಂಡ ಹಕ್ಕಿಗಳಿಗೆ ಆಗುವ ಕೇಡಿನಲ್ಲಿ ಹೆಚ್ಚಿನದು ಗಾಜಿನಿಂದ, ತೇವದಿಂದ, ಕೊಳೆಯಿಂದ. ಕಾಳು ಸಾಲದೆ ಆಗುವುದು ಬಲು ಕಡಿಮೆ.

ಇಲ್ಲಿ ಹೇಳುವುದೆಲ್ಲ ಹಿಮ ಬೀಳುವ ಸೀಮೆಗಳ ಹಿತ್ತಿಲಿಗೆ, ಅದರಲ್ಲೂ ಉತ್ತರ ಅಮೆರಿಕ ಮತ್ತು ಯುರೋಪಿಗೆ ಹೊಂದುವಂಥದ್ದು. ಹಕ್ಕಿಗಳ ಹೆಸರು ಊರಿನಿಂದ ಊರಿಗೆ ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಒಂದು ಭಯವನ್ನು ಮೊದಲೇ ಕಳೆದುಬಿಡೋಣ. "ಕಾಳು ಹಾಕಲು ಶುರುಮಾಡಿ ನಡುವೆ ನಿಲ್ಲಿಸಿದರೆ ಹಕ್ಕಿಗಳು ಸತ್ತುಹೋಗುತ್ತವೆಯೇ?" ಸಾಮಾನ್ಯವಾಗಿ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1980ರ ದಶಕದಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಫೀಡರ್ ಕೈಗೆಟಕುವಂತಿದ್ದರೂ ಅವು ದಿನದ ಆಹಾರದಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಾತ್ರ ಅಲ್ಲಿಂದ ಪಡೆಯುತ್ತಿದ್ದವು. ಉಳಿದದ್ದನ್ನು ತೊಗಟೆ, ಕೊಂಬೆ, ಕಾಡಿನಿಂದಲೇ ಹೆಕ್ಕುತ್ತಿದ್ದವು. ವರ್ಷಗಟ್ಟಲೆ ಇದ್ದ ಫೀಡರ್ ತೆಗೆದ ಮೇಲೂ ಅವು ಚಳಿಗಾಲ ದಾಟಿದವು. ಆದರೆ ಕಡುಚಳಿಯ ದಿನಗಳಲ್ಲಿ ಫೀಡರ್ ಇರುವ ಕಡೆಯ ಹಕ್ಕಿಗಳೇ ಹೆಚ್ಚು ಬದುಕುಳಿದದ್ದೂ ಕಂಡಿತು. ಹಾಗಾಗಿ ನಾಲ್ಕು ದಿನ ಊರಿಗೆ ಹೋಗಬೇಕಾದರೆ ಹೋಗಿ ಬನ್ನಿ. ಹಿಮಗಾಳಿಯ ಮುನ್ಸೂಚನೆ ಇರುವ ವಾರದಲ್ಲಿ ಮಾತ್ರ ಫೀಡರ್ ಬರಿದಾಗದಂತೆ ನೋಡಿಕೊಳ್ಳಿ.

ಮೊದಲು ಜಾಗ

ಕಂಬ ನೆಡುವುದಿದ್ದರೆ ನೆಲ ಹೆಪ್ಪುಗಟ್ಟುವ ಮೊದಲೇ ನೆಡಬೇಕು. ಡಿಸೆಂಬರ್ ಕೊನೆಗೆ ಆಸೆಯಾಗಿ ಗುದ್ದಲಿ ಹಿಡಿದರೆ ನೆಲ ಕಲ್ಲಾಗಿರುತ್ತದೆ. ಆಗಲೇ ತಡವಾಗಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ಅಥವಾ ಒದ್ದೆ ಮರಳು ತುಂಬಿ. ಮರಳು ಹೆಪ್ಪುಗಟ್ಟಿದ ಮೇಲೆ ಕಂಬ ಅಲ್ಲಾಡದು, ಬೇಸಿಗೆ ಬಂದಾಗ ಸಡಿಲವಾಗುತ್ತದೆ ಅಷ್ಟೇ.

ಕಿಟಕಿಯಿಂದ ದೂರದ ಲೆಕ್ಕ ಹೀಗೆ: ಒಂದೋ 1 ಮೀಟರಿಗಿಂತ ಹತ್ತಿರ, ಇಲ್ಲವೇ 10 ಮೀಟರಿಗಿಂತ ದೂರ. ನಡುವಿನ ದೂರವೇ ಕೊಲ್ಲುವ ದೂರ. ಗಿಡುಗ ಬಂದಿತೆಂದು ಹಕ್ಕಿ ಬೆದರಿ ಹಾರಿದಾಗ, ನಾಲ್ಕೈದು ಮೀಟರಿನೊಳಗೆ ಅದಕ್ಕೆ ಪೂರ್ತಿ ವೇಗ ಬಂದಿರುತ್ತದೆ. ಗಾಜಿನಲ್ಲಿ ಕಾಣುವ ಆಕಾಶ, ಮರ ಎಲ್ಲ ಅದಕ್ಕೆ ನಿಜವೇ. ಒಂದು ಮೀಟರಿನೊಳಗಾದರೆ ಡಿಕ್ಕಿ ಹೊಡೆದರೂ ಸಾಯುವಷ್ಟು ರಭಸ ಇರುವುದಿಲ್ಲ. ಅಮೆರಿಕ ಒಂದರಲ್ಲೇ ಕಟ್ಟಡಗಳಿಗೆ ಬಡಿದು ಸಾಯುವ ಹಕ್ಕಿಗಳು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಎಂದು 2014ರ ಅಂದಾಜು. ಇವುಗಳಲ್ಲಿ ಗಗನಚುಂಬಿ ಕಟ್ಟಡಗಳ ಪಾಲು ತೀರ ಸಣ್ಣದು. ಬಹುಪಾಲು ಸಾವು ಮನೆಗಳಲ್ಲಿ, ಕಡಿಮೆ ಎತ್ತರದ ಕಟ್ಟಡಗಳಲ್ಲಿ ಆಗುವಂಥದ್ದು.

ಗಾಜಿಗೆ ಗಿಡುಗದ ಆಕಾರದ ಒಂದು ಸ್ಟಿಕರ್ ಅಂಟಿಸಿದರೆ ಸಾಕು ಎಂಬ ನಂಬಿಕೆ ಬಹಳ ಹಳೆಯದು, ಪ್ರಯೋಜನವಿಲ್ಲದ್ದು. ಹಕ್ಕಿ ಆ ಸ್ಟಿಕರ್ ಒಂದನ್ನು ತಪ್ಪಿಸಿ ಪಕ್ಕದ ಗಾಜಿಗೆ ಹೊಡೆಯುತ್ತದೆ. ಚುಕ್ಕೆಯೋ ಗೆರೆಯೋ ಗಾಜಿನ ಹೊರಮೈಯ ಮೇಲೆ ಇರಬೇಕು, ಎರಡರ ನಡುವೆ 5 ಸೆಂ.ಮೀ.ಗಿಂತ ಹೆಚ್ಚು ಜಾಗ ಇರಬಾರದು, ಇಡೀ ಗಾಜನ್ನು ತುಂಬಬೇಕು. ಒಳಮೈಗೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅದನ್ನು ಮುಚ್ಚಿಬಿಡುತ್ತದೆ. ಅಂಟಿಸುವುದು ಬೇಡವೆಂದರೆ ಹೊರಗಡೆ 10 ಸೆಂ.ಮೀ.ಗೊಂದರಂತೆ ದಾರ ಇಳಿಬಿಟ್ಟರೂ ಕೆಲಸವಾಗುತ್ತದೆ.

ಇನ್ನು ಪೊದೆ. ಹಕ್ಕಿಗೆ ಓಡಿ ಅಡಗಲು ಮರೆ ಬೇಕು, ಆದರೆ ಅದೇ ಮರೆಯಲ್ಲಿ ಬೆಕ್ಕು ಕೂರಬಾರದು. ಇದಕ್ಕೆ ಸುಮಾರು 3 ಮೀಟರ್ ಸರಿಯಾದ ರಾಜಿ. ಹಿತ್ತಿಲು ಬೋಳಾಗಿದ್ದರೆ ಕತ್ತರಿಸಿದ ಕೊಂಬೆಗಳನ್ನು ಅಷ್ಟು ದೂರದಲ್ಲಿ ಅಡ್ಡಾದಿಡ್ಡಿಯಾಗಿ ಒಟ್ಟಿ. ದಪ್ಪ ಕೊಂಬೆ ಕೆಳಗೆ, ಸಣ್ಣ ರೆಂಬೆ ಮೇಲೆ. ಎರಡು ದಿನದಲ್ಲಿ ಅದರೊಳಗಿಂದ ಚಿಲಿಪಿಲಿ ಕೇಳಿಸುತ್ತದೆ. ಸಾಧ್ಯವಾದರೆ ಗಾಳಿ ಬೀಸುವ ದಿಕ್ಕಿಗೆ ಮನೆಯೋ ಬೇಲಿಯೋ ಅಡ್ಡವಿರುವ, ಬೆಳಗಿನ ಬಿಸಿಲು ಬೀಳುವ ಕಡೆ ಆರಿಸಿ.

ಯಾವ ಫೀಡರ್, ಅದರಲ್ಲಿ ಏನು ಕೆಡುತ್ತದೆ

ಒಂದೇ ಒಂದು ಕೊಳ್ಳುವುದಾದರೆ ಕೊಳವೆ ಫೀಡರ್ ಕೊಳ್ಳಿ. ಪಾರದರ್ಶಕ ಕೊಳವೆ, ಪಕ್ಕದಲ್ಲಿ ರಂಧ್ರ, ರಂಧ್ರದ ಕೆಳಗೆ ಕೂರುವ ಕಡ್ಡಿ. ಕಾಳು ಮಳೆಗೆ ಕಡಿಮೆ ನೆನೆಯುತ್ತದೆ, ಹಕ್ಕಿಯ ಹಿಕ್ಕೆ ಕಾಳಿಗೆ ಬೀಳುವುದೂ ಕಡಿಮೆ. ಕೊಳ್ಳುವಾಗ ಬುಡ ಬಿಚ್ಚಲು ಬರುತ್ತದೆಯೇ ಎಂದು ತಿರುಗಿಸಿ ನೋಡಿ. ಬುಡ ಬಿಚ್ಚಲು ಬಾರದ ಫೀಡರನ್ನು ತೊಳೆಯಲು ಬಾರದು, ತೊಳೆಯಲು ಬಾರದ್ದನ್ನು ತರಬೇಡಿ.

ಕೊಳವೆಯ ಕುಂದು ಒಂದೇ. ಎಲ್ಲಕ್ಕಿಂತ ಕೆಳಗಿನ ರಂಧ್ರದ ಕೆಳಗೂ ಎರಡು ಬೆರಳಿನಷ್ಟು ಜಾಗ ಇರುತ್ತದೆ. ಅಲ್ಲಿ ಬಿದ್ದ ಕಾಳು ಯಾವ ಹಕ್ಕಿಯ ಕೊಕ್ಕಿಗೂ ಎಟುಕುವುದಿಲ್ಲ. ಹಿಮ ಕರಗಿದ ನೀರು ಅಲ್ಲಿಗೇ ಇಳಿಯುತ್ತದೆ. ಹತ್ತು ದಿನ ಕಳೆದು ಬುಡ ಬಿಚ್ಚಿದರೆ ಕಪ್ಪಾಗಿ ಅಂಟಿಕೊಂಡ, ಬೂಷ್ಟು ಹಿಡಿದ ಒಂದು ಮುದ್ದೆ ಕೈಗೆ ಬರುತ್ತದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಮೇಲಿಂದ ಹೊಸ ಕಾಳು ಸುರಿಯುತ್ತಾ ಹೋದವರಿಗೆ ಇದು ಕಾಣುವುದೇ ಇಲ್ಲ, ಹೊರಗೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ತುಂಬುವ ಮೊದಲು ಪ್ರತಿ ಸಲವೂ ಉಳಿದದ್ದನ್ನು ಸುರಿದು ಬಿಡಿ, ಬುಡದ ತೂತುಗಳು ಕಟ್ಟಿಲ್ಲವೆಂದು ಕಡ್ಡಿಯಿಂದ ಚುಚ್ಚಿ ನೋಡಿ. ಎರಡು ದಿನಕ್ಕೆ ಸಾಕಾಗುವಷ್ಟೇ ತುಂಬಿ. ಕೊಳವೆ ದೊಡ್ಡದಿದೆಯೆಂದು ಕಂಠಪೂರ್ತಿ ತುಂಬಬೇಕಿಲ್ಲ.

ಚಾವಣಿ ಇರುವ ಪೆಟ್ಟಿಗೆ ಫೀಡರಿನಲ್ಲಿ ದೊಡ್ಡ ಹಕ್ಕಿಗಳಿಗೂ ಕೂರಲು ಅಂಚು ಇರುತ್ತದೆ. ಕಾರ್ಡಿನಲ್ ಹಕ್ಕಿಗೆ ಸಪೂರ ಕಡ್ಡಿಯ ಮೇಲೆ ಪಕ್ಕಕ್ಕೆ ತಿರುಗಿ ತಿನ್ನುವುದು ಒಗ್ಗದು, ಅದಕ್ಕೆ ಇದೇ ಸರಿ. ತೆರೆದ ತಟ್ಟೆ ಎಲ್ಲ ಜಾತಿಯನ್ನೂ ಕರೆಯುತ್ತದೆ, ನೋಡಲೂ ಚೆಂದ. ಆದರೆ ಹಕ್ಕಿಗಳು ತಿನ್ನುವ ಕಾಳಿನ ಮೇಲೆಯೇ ನಿಂತು ಹಿಕ್ಕೆ ಹಾಕುತ್ತವೆ, ರೋಗ ಹರಡಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ತಟ್ಟೆ ಇಡುವುದಾದರೆ ತಳ ಬಲೆಯದ್ದಾಗಿರಲಿ, ಒಂದು ದಿನದ ಕಾಳು ಮಾತ್ರ ಹಾಕಿ, ಸಂಜೆ ಗುಡಿಸಿ. ದಿನಾ ಗುಡಿಸಲು ಆಗದವರು ತಟ್ಟೆಯ ಆಸೆ ಬಿಡುವುದೇ ಲೇಸು.

ಮರಕುಟಿಗಗಳಿಗೆ ತಂತಿಪಂಜರದಲ್ಲಿ ಸೂಯೆಟ್ ಬಿಲ್ಲೆ. ಸೂಯೆಟ್ ಎಂದರೆ ದನ ಮತ್ತು ಕುರಿಯ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. ಪಂಜರದ ಕೆಳಗೆ ಒಂದು ಗೇಣು ಉದ್ದದ ಹಲಗೆ ಇದ್ದರೆ ಮರಕುಟಿಗ ಬಾಲವನ್ನು ಅದಕ್ಕೆ ಊರಿಕೊಂಡು ಆರಾಮಾಗಿ ತಿನ್ನುತ್ತದೆ. ಸ್ಟಾರ್ಲಿಂಗ್ ಹಿಂಡು ಬಂದು ಒಂದೇ ದಿನದಲ್ಲಿ ಬಿಲ್ಲೆ ಮುಗಿಸುತ್ತಿದ್ದರೆ, ಕೆಳಗಿನಿಂದ ಮಾತ್ರ ತಿನ್ನಲಾಗುವ ತಲೆಕೆಳಗಿನ ಪಂಜರ ಹಾಕಿ. ಮರಕುಟಿಗ, ಚಿಕಡೀ, ನಟ್‌ಹ್ಯಾಚ್ ತಲೆಕೆಳಗಾಗಿ ನೇತಾಡಬಲ್ಲವು, ಸ್ಟಾರ್ಲಿಂಗಿಗೆ ಅದು ಕಷ್ಟ. ಕೊಬ್ಬಿನ ಉಂಡೆಗಳು ಪ್ಲಾಸ್ಟಿಕ್ ಬಲೆಯಲ್ಲಿ ಬಂದರೆ ಬಲೆ ಕತ್ತರಿಸಿ ತೆಗೆದು ಪಂಜರದಲ್ಲಿಡಿ, ಬಲೆಗೆ ಕಾಲು ಸಿಕ್ಕಿ ಹಕ್ಕಿಗಳು ನೇತಾಡಿಯೇ ಸಾಯುವುದುಂಟು. ಮಾಂಸ ಹುರಿದ ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಹಾಕಲೇಬೇಡಿ. ಅದರಲ್ಲಿ ಉಪ್ಪು ಇರುತ್ತದೆ, ಮೆತ್ತಗಿರುವುದರಿಂದ ಗರಿಗೆ ಮೆತ್ತಿಕೊಳ್ಳುತ್ತದೆ. ಜಿಡ್ಡು ಹತ್ತಿದ ಗರಿ ಚಳಿ ತಡೆಯುವುದಿಲ್ಲ.

ಕಾಳು

ಕರಿ ಸಿಪ್ಪೆಯ ಎಣ್ಣೆ ಸೂರ್ಯಕಾಂತಿ ಬೀಜ. ಚಳಿಗಾಲಕ್ಕೆ ಇದೊಂದೇ ಇದ್ದರೂ ನಡೆಯುತ್ತದೆ. ಪಟ್ಟೆ ಸೂರ್ಯಕಾಂತಿಗಿಂತ ಇದರ ಸಿಪ್ಪೆ ತೆಳು, ಸಣ್ಣ ಕೊಕ್ಕಿನ ಹಕ್ಕಿಯೂ ಒಡೆಯಬಲ್ಲದು, ಒಳಗಿನ ಎಣ್ಣೆಯೂ ಹೆಚ್ಚು. ಕೆಳಗೆ ಬೀಳುವ ಸಿಪ್ಪೆ ಮಾತ್ರ ಉಪದ್ರವ: ರಾಶಿಯಾದರೆ ಅದರ ರಸ ಹುಲ್ಲನ್ನು ಬೆಳೆಯಗೊಡದು. ಹುಲ್ಲುಹಾಸಿನ ಮೇಲೆ ಪ್ರೀತಿ ಇದ್ದವರು ಸುಲಿದ ಸೂರ್ಯಕಾಂತಿ ಬೀಜ ಹಾಕಬಹುದು. ಕಸವಿಲ್ಲ, ಆದರೆ ಸಿಪ್ಪೆಯ ರಕ್ಷಣೆ ಇಲ್ಲದ್ದರಿಂದ ನೆನೆದರೆ ಬಲು ಬೇಗ ಕೆಡುತ್ತದೆ, ದಿನಕ್ಕೆ ಬೇಕಾದಷ್ಟೇ ಹಾಕಬೇಕು.

ಹುಚ್ಚೆಳ್ಳು. ಚೀಲದ ಮೇಲೆ ನೈಜರ್ ಎಂದಿರುತ್ತದೆ, ಕಾಳು ನಮ್ಮ ಹುಚ್ಚೆಳ್ಳೇ, ಬೇರೆಯಲ್ಲ. ಗೋಲ್ಡ್‌ಫಿಂಚ್, ಸಿಸ್ಕಿನ್ ಹಕ್ಕಿಗಳು ಇದಕ್ಕೆ ಮುಗಿಬೀಳುತ್ತವೆ. ಅಮೆರಿಕಕ್ಕೆ ಇಥಿಯೋಪಿಯ, ಭಾರತಗಳಿಂದ ಬರುವ ಹುಚ್ಚೆಳ್ಳನ್ನು ಜೊತೆಯಲ್ಲಿರಬಹುದಾದ ಕಳೆಬೀಜ ಸಾಯಲೆಂದು ಬಿಸಿ ಹಾಯಿಸಿಯೇ ಒಳಗೆ ಬಿಡುತ್ತಾರೆ. ಕಾಳು ಸಣ್ಣದು, ಸಾಮಾನ್ಯ ಕೊಳವೆಯಲ್ಲಿ ಹಾಕಿದರೆ ಸುರಿದು ಹೋಗುತ್ತದೆ. ಸೂಜಿಗಣ್ಣಿನಂಥ ಸೀಳುಗಳಿರುವ ಕೊಳವೆ ಬೇಕು. ಹುಚ್ಚೆಳ್ಳಿಗೆ ಹಕ್ಕಿ ಬರುತ್ತಿಲ್ಲ ಎಂದು ದೂರುವವರಲ್ಲಿ ಅನೇಕರ ಕಾಳು ಹಳತಾಗಿ ಒಣಗಿರುತ್ತದೆ. ನಾಲ್ಕು ಕಾಳನ್ನು ಬಿಳಿ ಕಾಗದದ ಮೇಲಿಟ್ಟು ಉಗುರಿನಿಂದ ಒತ್ತಿ ಅರೆಯಿರಿ. ಎಣ್ಣೆಯ ಕಲೆ ಮೂಡಿದರೆ ಕಾಳು ತಾಜಾ, ಪುಡಿಯಾದರೆ ಹೊರಗೆ ಚೆಲ್ಲಿ. ತಾಜಾ ಕಾಳೂ ಫೀಡರಿನಲ್ಲಿ ಮೂರ್ನಾಲ್ಕು ವಾರ ಕೂತರೆ ಬದಲಿಸಬೇಕು.

ಬಿಳಿ ಬರಗು ನೆಲದಲ್ಲಿ ಹೆಕ್ಕುವ ಹಕ್ಕಿಗಳಿಗೆ: ಜುಂಕೊ, ಸ್ಪ್ಯಾರೋಗಳು, ಬೆಳವ. ಹಿಮ ಬಿದ್ದಾಗ ಫೀಡರಿನ ಅಡಿಯಲ್ಲಿ ಬೂಟಿನಿಂದ ತುಳಿದು ಗಟ್ಟಿಮಾಡಿ ಒಂದು ಹಿಡಿ ಚೆಲ್ಲಿ. ಸಡಿಲ ಹಿಮದ ಮೇಲೆ ಚೆಲ್ಲಿದ್ದು ಒಳಗೆ ಇಳಿದುಹೋಗಿ ವಸಂತದಲ್ಲಿ ಕೊಳೆತು ಹೊರಬರುತ್ತದೆ. ಕುಸುಬೆಯನ್ನು ಕಾರ್ಡಿನಲ್ ಇಷ್ಟಪಡುತ್ತದೆ, ಅಳಿಲು ಮತ್ತು ಸ್ಟಾರ್ಲಿಂಗ್ ಅಷ್ಟಾಗಿ ಮುಟ್ಟುವುದಿಲ್ಲ. ಕೆಲವು ಅಳಿಲುಗಳಿಗೆ ಈ ನಿಯಮ ಗೊತ್ತಿರುವುದಿಲ್ಲ ಎಂಬುದೂ ನಿಜ. ಕಡಲೆಕಾಯಿ ಬೀಜ ಉಪ್ಪು ಹಾಕದ್ದು, ಬೂಷ್ಟು ತಗಲದ್ದು ಇರಬೇಕು. ಕಡಲೆಕಾಯಿಯ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಹಕ್ಕಿಗಳನ್ನು ಕೊಲ್ಲುತ್ತದೆ.

ಅಗ್ಗದ ಮಿಶ್ರಣದ ಚೀಲ ಕಂಡರೆ ಹಿಂದೆ ತಿರುಗಿಸಿ ಏನೇನಿದೆ ಎಂದು ಓದಿ. ಕೆಂಪು ಜೋಳ, ಗೋಧಿ, ಓಟ್ಸ್ ಮೊದಲ ಸಾಲಿನಲ್ಲಿದ್ದರೆ ಬಿಟ್ಟುಬಿಡಿ. ಹಕ್ಕಿ ತನಗೆ ಬೇಕಾದ ಒಂದು ಸೂರ್ಯಕಾಂತಿಗಾಗಿ ಉಳಿದ ಹತ್ತನ್ನು ಕೊಕ್ಕಿನಿಂದ ಒಗೆಯುತ್ತದೆ, ಒಗೆದದ್ದು ನೆಲದಲ್ಲಿ ಕೊಳೆತು ಇಲಿ ಕರೆಯುತ್ತದೆ. ಅಗ್ಗದ ಚೀಲ ಅಗ್ಗವಲ್ಲ. ಬ್ರೆಡ್ ಹೊಟ್ಟೆ ತುಂಬಿಸುತ್ತದೆ, ಸತ್ವ ಕೊಡದು. ಹಾಲು, ಉಪ್ಪಿನ ತಿಂಡಿ, ಚಾಕೊಲೇಟ್ ಬೇಡವೇ ಬೇಡ.

ಕಾಳನ್ನು ಬಿಗಿ ಮುಚ್ಚಳದ ಲೋಹದ ಡಬ್ಬದಲ್ಲಿ ತಣ್ಣನೆಯ ಒಣ ಜಾಗದಲ್ಲಿಡಿ. ಪ್ಲಾಸ್ಟಿಕ್ ಡಬ್ಬವನ್ನು ಇಲಿ ಕೊರೆಯುತ್ತದೆ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯಬೇಡಿ. ಬಲೆ ಕಟ್ಟಿದಂತೆ ಕಂಡರೆ, ಸಣ್ಣ ಪತಂಗ ಹಾರಿದರೆ ಹುಳು ಹಿಡಿದಿದೆ ಎಂದರ್ಥ. ಚೀಲವನ್ನು ಕೆಲವು ದಿನ ಫ್ರೀಜರಿನಲ್ಲಿಡಿ.

ನೀರು

ಎಲ್ಲ ಹೆಪ್ಪುಗಟ್ಟಿದ ದಿನ ಕಾಳಿಗಿಂತ ನೀರಿಗೇ ಹೆಚ್ಚು ಜಾತಿಯ ಹಕ್ಕಿ ಬರಬಹುದು, ಕಾಳು ತಿನ್ನದ ಹಕ್ಕಿಗಳಿಗೂ ನೀರು ಬೇಕಲ್ಲ. ಆಳ 2.5ರಿಂದ 5 ಸೆಂ.ಮೀ. ಸಾಕು. ಹೊರಾಂಗಣಕ್ಕೆಂದೇ ಮಾಡಿದ, ತಾಪ ನೋಡಿಕೊಂಡು ತಾನೇ ಆರುವ ಹೀಟರ್ ಇರುವ ಬೋಗುಣಿ ಅತ್ಯುತ್ತಮ. ಇಲ್ಲವೆಂದರೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹದ ಬಿಸಿನೀರು ಸುರಿಯಿರಿ. ಹೆಪ್ಪುಗಟ್ಟದಿರಲೆಂದು ಉಪ್ಪು, ಗ್ಲಿಸರಿನ್, ಆಂಟಿಫ್ರೀಜ್ ಯಾವುದನ್ನೂ ಬೆರೆಸಕೂಡದು. ಮೊದಲನೆಯದೂ ಕೊನೆಯದೂ ವಿಷ, ನಡುವಿನದು ಗರಿಗೆ ಅಂಟುತ್ತದೆ.

ಅಳಿಲು, ಬೆಕ್ಕು, ಗಿಡುಗ

ಅಳಿಲಿನ ವಿರುದ್ಧ ಗೆಲ್ಲುವುದು ಜಾಗದ ಲೆಕ್ಕದಿಂದ. ಕಂಬ ಯಾವುದೇ ಮರ, ಬೇಲಿ, ಚಾವಣಿಯಿಂದ 3 ಮೀಟರ್ ಆಚೆ ಇರಲಿ. ಕಂಬದ ಮೇಲೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕೊಡೆಯಾಕಾರದ ಅಥವಾ ಹೊಗೆಕೊಳವೆಯಂಥ ತಡೆ ಹಾಕಿ. ಚಳಿಗಾಲದಲ್ಲಿ ಮರೆಯುವ ಸಂಗತಿ ಒಂದಿದೆ: ಅರ್ಧ ಮೀಟರ್ ಹಿಮ ಬಿದ್ದು ಗಟ್ಟಿಯಾದರೆ ಅಳಿಲಿನ ಪಾಲಿಗೆ ನೆಲವೇ ಅರ್ಧ ಮೀಟರ್ ಮೇಲೆ ಬಂದಿರುತ್ತದೆ. ನಿನ್ನೆವರೆಗೆ ಎಟುಕದ ತಡೆಯನ್ನು ಇವತ್ತು ಒಂದೇ ನೆಗೆತಕ್ಕೆ ದಾಟುತ್ತದೆ. ಕಂಬದ ಬುಡದ ಹಿಮ ತೆಗೆಯಿರಿ, ಇಲ್ಲವೇ ತಡೆಯನ್ನು ಮೇಲಕ್ಕೆ ಸರಿಸಿ. ಕಂಬಕ್ಕೆ ಗ್ರೀಸ್ ಬಳಿಯುವುದು ಕ್ರೌರ್ಯ, ಅದು ಪ್ರಾಣಿಯ ರೋಮಕ್ಕೂ ಹಕ್ಕಿಯ ಗರಿಗೂ ಹತ್ತಿ ಬಿಡುವುದೇ ಇಲ್ಲ. ಮೆಣಸಿನಕಾಯಿ ಖಾರ ಬೆರೆಸಿದ ಕಾಳು ಸಿಗುತ್ತದೆ. ಖಾರದ ಅಂಶ ಸಸ್ತನಿಗಳ ನಾಲಿಗೆ ಸುಡುತ್ತದೆ, ಹಕ್ಕಿಗೆ ಅದು ಹತ್ತುವುದಿಲ್ಲ. ತುಂಬುವಾಗ ನಿಮ್ಮ ಕಣ್ಣು ಜೋಪಾನ.

ಬೆಕ್ಕಿಗೆ ಮದ್ದು ಒಂದೇ, ಅದನ್ನು ಮನೆಯೊಳಗಿಡುವುದು. ಕರಡಿ ಓಡಾಡುವ ಸೀಮೆಯಲ್ಲಿ ಕರಡಿಗಳು ಗುಹೆ ಸೇರುವವರೆಗೆ ಫೀಡರ್ ಕಟ್ಟಬೇಡಿ. ಕೆಲವು ಕಡೆ ಸ್ಥಳೀಯ ಕಾನೂನೂ ಅದನ್ನೇ ಹೇಳುತ್ತದೆ, ಕೇಳಿ ತಿಳಿದುಕೊಳ್ಳಿ.

ಗಿಡುಗದ ವಿಷಯದಲ್ಲಿ ಸಿಟ್ಟು ಬೇಡ. ಉತ್ತರ ಅಮೆರಿಕದಲ್ಲಿ ಕೂಪರ್ಸ್ ಹಾಕ್, ಶಾರ್ಪ್-ಶಿನ್ಡ್ ಹಾಕ್, ಯುರೋಪಿನಲ್ಲಿ ಸ್ಪ್ಯಾರೋಹಾಕ್ ಹಕ್ಕಿ ತಿಂದೇ ಬದುಕುವಂಥವು, ಅವುಗಳಿಗೂ ಚಳಿಗಾಲವೇ. ಒಂದೇ ಗಿಡುಗ ದಿನಾ ಬಂದು ಅದೇ ಕೊಂಬೆಯಲ್ಲಿ ಠಿಕಾಣಿ ಹೂಡಿದರೆ ಒಂದೆರಡು ವಾರ ಫೀಡರ್ ಇಳಿಸಿಬಿಡಿ. ಸಣ್ಣ ಹಕ್ಕಿಗಳು ಚದುರುತ್ತವೆ, ಗಿಡುಗ ಬೇರೆಡೆ ಹೋಗುತ್ತದೆ.

ಹಕ್ಕಿ ಗಾಜಿಗೆ ಬಡಿದು ಬಿದ್ದರೆ ಹೀಗೆ ಮಾಡಿ. ಟವೆಲ್ ಅಥವಾ ಕೈಚೀಲದಲ್ಲಿ ಮೆಲ್ಲಗೆ ಎತ್ತಿ, ಗಾಳಿಯಾಡಲು ತೂತಿರುವ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ಗಲಾಟೆ ಇಲ್ಲದ ಬೆಚ್ಚನೆ ಜಾಗದಲ್ಲಿಡಿ. ನೀರು ಕುಡಿಸಬೇಡಿ, ಕಾಳು ಕೊಡಬೇಡಿ, ಪದೇ ಪದೇ ಇಣುಕಬೇಡಿ. ಕಾಲು ಗಂಟೆಗೊಮ್ಮೆ ಡಬ್ಬಿಯನ್ನು ಹೊರಗೆ ಒಯ್ದು ಮುಚ್ಚಳ ತೆರೆಯಿರಿ, ಚೇತರಿಸಿದ್ದರೆ ತಾನೇ ಹಾರುತ್ತದೆ. ಒಂದೆರಡು ಗಂಟೆಯಾದರೂ ಏಳದಿದ್ದರೆ, ರೆಕ್ಕೆ ಜೋತಿದ್ದರೆ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಕರೆ ಮಾಡಿ.

ತೊಳೆಯುವುದು

ಎಲ್ಲರೂ ಮುಂದೂಡುವ ಕೆಲಸ ಇದೇ. ಎರಡು ವಾರಕ್ಕೊಮ್ಮೆ ತಪ್ಪದೆ. ಹಿಮ ಕರಗಿ ತೇವ ಹೆಚ್ಚಿದಾಗ, ಹಕ್ಕಿ ಮುತ್ತುವಾಗ ವಾರಕ್ಕೊಮ್ಮೆ.

ಕೈಗವಸು ಹಾಕಿ ಫೀಡರ್ ಬಿಚ್ಚಿ, ಉಳಿದ ಕಾಳನ್ನು ಕಸಕ್ಕೆ ಹಾಕಿ. ಮೊದಲು ಸೋಪು ನೀರಿನಲ್ಲಿ ಕೊಳವೆ ಬ್ರಷ್ಷಿನಿಂದ ಉಜ್ಜಿ ಜಿಡ್ಡು, ಹಿಕ್ಕೆ ಬಿಡಿಸಿ. ಕೊಳೆಯಿದ್ದ ಮೇಲೆಯೇ ಬ್ಲೀಚ್ ಸುರಿದರೆ ಬ್ಲೀಚ್ ಕೊಳೆಯೊಂದಿಗೇ ಖರ್ಚಾಗಿ ರೋಗಾಣು ಉಳಿಯುತ್ತದೆ. ಆಮೇಲೆ 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ 10 ನಿಮಿಷ ಮುಳುಗಿಸಿಡಿ. ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ. ಒಣಗಿಸುವುದು ಅಲಂಕಾರಕ್ಕಲ್ಲ, ತೇವ ಉಳಿದ ಫೀಡರಿಗೆ ಕಾಳು ತುಂಬಿದರೆ ಬೂಷ್ಟು ಮರುದಿನವೇ ಶುರು. ಚಳಿಯಲ್ಲಿ ಒಣಗಲು ಒಂದು ದಿನ ಹಿಡಿಯುವುದರಿಂದ ಎರಡು ಫೀಡರ್ ಇಟ್ಟುಕೊಂಡು ಸರದಿಯಲ್ಲಿ ಕಟ್ಟುವುದು ಜಾಣತನ. ಈ ಕೆಲಸಕ್ಕೆ ಬೇರೆಯೇ ಬಕೆಟ್ ಇರಲಿ, ಅಡುಗೆಮನೆ ಸಿಂಕ್ ಬೇಡ. ಕೊನೆಗೆ ಕೈ ತೊಳೆಯಿರಿ. ಫೀಡರಿನ ಕೆಳಗಿನ ಸಿಪ್ಪೆ, ಹಿಕ್ಕೆಯನ್ನೂ ಕೆರೆದು ತೆಗೆಯಿರಿ.

ಇಷ್ಟೊಂದು ಏಕೆ? 1994ರಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಹೌಸ್ ಫಿಂಚ್‌ಗಳ ಕಣ್ಣು ಊದಿ, ಕೀವುಗಟ್ಟಿ ಮುಚ್ಚುವ ರೋಗ ಕಾಣಿಸಿಕೊಂಡಿತು. ಕೋಳಿಗಳಲ್ಲಿರುವ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾ ಅದರ ಮೂಲ. ಕೆಲವೇ ವರ್ಷಗಳಲ್ಲಿ ಅದು ಪೂರ್ವ ಅಮೆರಿಕದ ಉದ್ದಕ್ಕೂ ಹರಡಿತು. ಬ್ರಿಟನ್ನಿನಲ್ಲಿ 2005ರಿಂದ ಗ್ರೀನ್‌ಫಿಂಚ್‌ಗಳಿಗೆ ಟ್ರೈಕೊಮೊನಾಸ್ ಎಂಬ ಪರೋಪಜೀವಿ ತಗಲಿ ಅವುಗಳ ಸಂಖ್ಯೆ ಕುಸಿದೇ ಹೋಯಿತು. ಈ ರೋಗದಲ್ಲಿ ಗಂಟಲು ಕಟ್ಟಿ ನುಂಗಲಾಗದೆ, ಎಂಜಲು ಕಾಳು ಫೀಡರಿನಲ್ಲೇ ಬಿದ್ದು ಮುಂದಿನ ಹಕ್ಕಿಗೆ ತಗಲುತ್ತದೆ. 2020–21ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಪೈನ್ ಸಿಸ್ಕಿನ್‌ಗಳು ಸಾಲ್ಮೊನೆಲಾ ಬ್ಯಾಕ್ಟೀರಿಯಾದಿಂದ ಸತ್ತಾಗ ಅನೇಕ ಕಡೆ ಫೀಡರ್ ಇಳಿಸಲು ಸೂಚನೆ ಬಂದಿತ್ತು.

ಕಾಯಿಲೆಯ ಹಕ್ಕಿಯನ್ನು ಗುರುತಿಸುವಾಗ ಚಳಿ ಮೋಸ ಮಾಡುತ್ತದೆ. ಆರೋಗ್ಯವಂತ ಹಕ್ಕಿಯೂ ಚಳಿಗೆ ಗರಿ ಉಬ್ಬಿಸಿ ಚೆಂಡಿನಂತೆ ಕೂರುತ್ತದೆ. ಆದರೆ ಅದರ ಕಣ್ಣು ದುಂಡಗೆ ತೆರೆದಿರುತ್ತದೆ, ನೀವು ಬಾಗಿಲು ತೆರೆದರೆ ಪುರ್ರನೆ ಹಾರುತ್ತದೆ. ಕಾಯಿಲೆಯದು ಮಿಕ್ಕವೆಲ್ಲ ಹಾರಿದ ಮೇಲೂ ಕಾಳಿನ ಮುಂದೆಯೇ ತೂಕಡಿಸುತ್ತಾ ಕೂತಿರುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ ಅಥವಾ ಊದಿರುತ್ತದೆ, ಕೊಕ್ಕಿನ ಸುತ್ತ ಒದ್ದೆ. ಅಂಥ ಒಂದು ಕಂಡರೂ ಎಲ್ಲ ಫೀಡರ್, ನೀರಿನ ಬೋಗುಣಿ ಇಳಿಸಿ, ತೊಳೆದು, ಕನಿಷ್ಠ ಎರಡು ವಾರ ಖಾಲಿ ಬಿಡಿ. ಹಸಿವಿನ ಕನಿಕರಕ್ಕೆ ಅಲ್ಲೇ ಕಾಳು ಹಾಕುತ್ತಾ ಹೋದರೆ ಆ ಹಕ್ಕಿಯೂ ಉಳಿಯದು, ಹಿಂಡೂ ಉಳಿಯದು.

ನೋಡುವುದು

ಹೊಸ ಫೀಡರಿಗೆ ಮೊದಲ ಹಕ್ಕಿ ಒಂದೇ ದಿನದಲ್ಲಿ ಬರಬಹುದು, ಮೂರು ವಾರವೂ ಹಿಡಿಯಬಹುದು. ಜಾಗ ಬದಲಿಸುತ್ತಾ ಹೋಗಬೇಡಿ. ನೆಲದ ಮೇಲೆ ಒಂದು ಹಿಡಿ ಕಾಳು ಚೆಲ್ಲಿ ಸುಮ್ಮನಿರಿ.

ಬೆಳಕು ಹರಿದ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಗಂಟೆ ಹೆಚ್ಚು ಗದ್ದಲದ ಹೊತ್ತು. ಕಾರ್ಡಿನಲ್ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಕೊನೆಗೆ, ಮಬ್ಬಿನಲ್ಲೇ ಬರುತ್ತದೆ. ಹಿಮಗಾಳಿ ಬರುವ ಹಿಂದಿನ ದಿನ ಫೀಡರ್ ಜಾತ್ರೆಯಾಗುತ್ತದೆ. ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು, ಆದರೆ ಎಷ್ಟು ಹತ್ತಿರದ ವಸ್ತುವನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ ಎಂದು ಕೇಳಿ. 2 ಮೀಟರ್ ಇದ್ದರೆ ಫೀಡರ್ ನೋಡಲು ಬಲು ಸುಖ. ಕೋಣೆಯ ದೀಪ ಆರಿಸಿ, ಕಿಟಕಿಯಿಂದ ಸ್ವಲ್ಪ ಹಿಂದೆ ಕೂತು ನೋಡಿ.

ಬಣ್ಣಕ್ಕಿಂತ ಮೊದಲು ನಡವಳಿಕೆ ನೋಡಿ. ಚಿಕಡೀ ಫೀಡರಿನಲ್ಲಿ ಕೂತು ತಿನ್ನುವುದಿಲ್ಲ. ಬಂದು, ಒಂದು ಕಾಳು ಎತ್ತಿ, ಕೆಲವೊಮ್ಮೆ ಬಿಟ್ಟು ಇನ್ನೊಂದು ಎತ್ತಿ, ಹತ್ತಿರದ ಕೊಂಬೆಗೆ ಹಾರುತ್ತದೆ. ಕಾಳನ್ನು ಎರಡು ಪಾದಗಳ ನಡುವೆ ಕೊಂಬೆಗೆ ಒತ್ತಿ ಹಿಡಿದು ಕೊಕ್ಕಿನಿಂದ ಟಕ್ ಟಕ್ ಎಂದು ಕುಟ್ಟಿ ಸಿಪ್ಪೆ ಸೀಳುತ್ತದೆ. ಎಷ್ಟೋ ಕಾಳುಗಳನ್ನು ತಿನ್ನದೆ ತೊಗಟೆಯ ಸೀಳಿನಲ್ಲಿ ಒಂದೊಂದಾಗಿ ಬೇರೆ ಬೇರೆ ಕಡೆ ಬಚ್ಚಿಡುತ್ತದೆ, ವಾರಗಳ ನಂತರವೂ ಅವುಗಳ ಜಾಗ ನೆನಪಿಟ್ಟಿರುತ್ತದೆ. ಕರಿಟೋಪಿ ಚಿಕಡೀಯ ತೂಕ ಸುಮಾರು 11 ಗ್ರಾಂ. ಕೊರೆಯುವ ರಾತ್ರಿಗಳಲ್ಲಿ ಅದು ಮೈಯ ಬಿಸಿಯನ್ನು ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು ಕೊಬ್ಬು ಉಳಿಸುತ್ತದೆ. ಬೆಳಗ್ಗೆ ಫೀಡರಿಗೆ ಅಷ್ಟು ಅವಸರದಿಂದ ಬರುವುದು ರಾತ್ರಿ ಖರ್ಚಾದದ್ದನ್ನು ತುಂಬಿಕೊಳ್ಳಲು.

ಅದರ ಕೂಗನ್ನೂ ಕಿವಿಗೊಟ್ಟು ಕೇಳಿ. "ಚಿಕ-ಡೀ-ಡೀ" ಕೂಗಿನ ಕೊನೆಯಲ್ಲಿ ಡೀ ಎಷ್ಟು ಎಂದು ಎಣಿಸಿ. ಅಪಾಯ ಹೆಚ್ಚಿದಷ್ಟೂ ಡೀಗಳು ಹೆಚ್ಚುತ್ತವೆ. ಚುರುಕಾಗಿ ತಿರುಗಬಲ್ಲ ಸಣ್ಣ ಗೂಬೆಗೆ ದೊಡ್ಡ ಗೂಬೆಗಿಂತ ಹೆಚ್ಚು ಡೀ. ಹಿಂಡಿನ ಜೊತೆಗಿರುವ ನಟ್‌ಹ್ಯಾಚ್‌ಗೂ ಈ ಭಾಷೆ ಅರ್ಥವಾಗುತ್ತದೆ. ಇಡೀ ಹಿತ್ತಿಲು ಒಮ್ಮೆಲೇ ಮೌನವಾಗಿ, ಮರಕುಟಿಗ ಕೊಂಬೆಗೆ ಅಂಟಿದಂತೆ ನಿಂತುಬಿಟ್ಟರೆ ತಲೆ ಎತ್ತಿ ನೋಡಿ, ಮೇಲೆಲ್ಲೋ ಗಿಡುಗ ಇರುತ್ತದೆ.

ಎಲ್ಲರೂ ಎಡವುವ ಜೋಡಿ ಡೌನಿ ಮತ್ತು ಹೇರಿ ಮರಕುಟಿಗ. ಎರಡಕ್ಕೂ ಕಪ್ಪು-ಬಿಳುಪು ಮೈ, ಎರಡರ ಗಂಡಿಗೂ ತಲೆಯ ಹಿಂದೆ ಕೆಂಪು ಕಲೆ. ಗಾತ್ರ ನೋಡಿ ಹೇಳುತ್ತೇನೆ ಎಂದರೆ ಒಂದೇ ಹಕ್ಕಿ ಇದ್ದಾಗ ಆಗದು. ಕೊಕ್ಕು ನೋಡಿ: ಡೌನಿಯ ಕೊಕ್ಕು ತಲೆಯ ಅಗಲದ ಮೂರನೇ ಒಂದು ಪಾಲಿನಷ್ಟು ಮೊಟಕು, ಹೇರಿಯದು ಹೆಚ್ಚುಕಡಿಮೆ ತಲೆಯಷ್ಟೇ ಉದ್ದ. ಚಳಿಗಾಲದ ಗೋಲ್ಡ್‌ಫಿಂಚ್ ಅಮೆರಿಕದಲ್ಲಿ ಹಳದಿಯಾಗಿರುವುದಿಲ್ಲ, ಮಾಸಿದ ಕಂದು. ಹಳದಿ ಹಕ್ಕಿಗಾಗಿ ಕಾಯುತ್ತಾ ಕೂತರೆ ಎದುರಿಗಿರುವುದೇ ತಪ್ಪಿಹೋಗುತ್ತದೆ.

ಎಣಿಕೆ

ಮೂರು ವಾರ ನೋಡಿದ ಮೇಲೆ ಬರೆದಿಡಲು ಶುರುಮಾಡಿ. ಹೊಸಬರು ತಪ್ಪುವುದು ಕೂಡುವುದರಲ್ಲಿ. 8:10ಕ್ಕೆ 3 ಚಿಕಡೀ, 8:25ಕ್ಕೆ 5, 8:40ಕ್ಕೆ 4 ಕಂಡರೆ ಮೊತ್ತ 12 ಅಲ್ಲ. ಅದೇ ಹಕ್ಕಿ ಹತ್ತು ಸಲ ಬಂದು ಹೋಗಿರುತ್ತದೆ. ಒಂದೇ ಹೊತ್ತಿಗೆ ಕಣ್ಣಿಗೆ ಬಿದ್ದ ಗರಿಷ್ಠ ಸಂಖ್ಯೆ 5, ಅದನ್ನೇ ಬರೆಯಿರಿ. ಪ್ರತಿ ಜಾತಿಗೂ ಹೀಗೆಯೇ.

ಹೀಗೆ ಎಣಿಸಿದ್ದನ್ನು ಕೊಡಲು ಜಾಗಗಳಿವೆ. ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಬರ್ಡ್ಸ್ ಕೆನಡಾ ನಡೆಸುವ ಪ್ರಾಜೆಕ್ಟ್ ಫೀಡರ್‌ವಾಚ್ 1976ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹಿತ್ತಿಲ ಸಮೀಕ್ಷೆಯಾಗಿ ಹುಟ್ಟಿತು, 1987–88ರ ಚಳಿಗಾಲದಿಂದ ಇಡೀ ಉತ್ತರ ಅಮೆರಿಕಕ್ಕೆ ಹರಡಿತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಸತತ ಎರಡು ದಿನ ಎಣಿಸಿ, ಮುಂದಿನ ಎಣಿಕೆಗೆ ಕನಿಷ್ಠ ಐದು ದಿನ ಬಿಡಬೇಕು. ಬ್ರಿಟನ್ನಿನಲ್ಲಿ ಪಕ್ಷಿ ರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಬಿಗ್ ಗಾರ್ಡನ್ ಬರ್ಡ್‌ವಾಚ್ 1979ರಿಂದ ನಡೆಯುತ್ತಿದೆ: ಜನವರಿ ಕೊನೆಯ ವಾರಾಂತ್ಯದಲ್ಲಿ ಒಂದು ಗಂಟೆ. ಫೆಬ್ರುವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ 1998ರಲ್ಲಿ ಶುರುವಾದದ್ದು, 2013ರಿಂದ ಜಗತ್ತಿನ ಯಾವ ಮೂಲೆಯಿಂದಲೂ ಸೇರಬಹುದು, 15 ನಿಮಿಷ ಎಣಿಸಿದರೆ ಸಾಕು.

ಪುಸ್ತಕದ ಒಂದು ಸಾಲಿನಲ್ಲಿ ದಿನಾಂಕ, ಕೂತ ಹೊತ್ತು, ಎದ್ದ ಹೊತ್ತು, ತಾಪಮಾನ, ಹಿಮದ ಆಳ, ಆಮೇಲೆ ಜಾತಿವಾರು ಸಂಖ್ಯೆ. ಗುರುತು ಸಿಗದ ಹಕ್ಕಿಗೆ ಹೆಸರು ಊಹಿಸಿ ಬರೆಯಬೇಡಿ. ಕೊಕ್ಕಿನ ಆಕಾರ, ರೆಕ್ಕೆಯ ಪಟ್ಟಿ, ಬಾಲದ ಅಂಚು ಹೇಗಿತ್ತೆಂದು ನಾಲ್ಕು ಪದ ಬರೆದು ಫೋಟೊ ಇದ್ದರೆ ಇಟ್ಟುಕೊಳ್ಳಿ. ಒಂದೂ ಹಕ್ಕಿ ಬಾರದ ಬೆಳಗಿನ ಸಾಲನ್ನು ಖಾಲಿ ಬಿಡುವವರೇ ಹೆಚ್ಚು. ಖಾಲಿ ಬಿಟ್ಟರೆ ನೀವು ನೋಡಲಿಲ್ಲವೋ ಹಕ್ಕಿ ಬರಲಿಲ್ಲವೋ ಎಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ. ಅಲ್ಲಿ 0 ಎಂದು ಬರೆಯಿರಿ.